ಕಟೌಟಿನ ಹೀರೋ ಹಿಂದಕ್ಕೆ ವಾಲುವುದೇಕೆ?

ಸೊಂಟ ಬಾಗಿಸುವ ಲೆನ್ಸೊಂದು ಬೈಲಹೊಂಗಲಕ್ಕೆ ಬಂದ ಕಥೆ... ಜೊತೆಗೆ ಕಾಸಿಲ್ಲದವರಿಗೂ ಒಂದು ಉಪಾಯ!

ಶುಕ್ರವಾರದ ಬೆಳಗ್ಗೆ. ಟಾಕೀಸಿನ ಮುಂದೆ 40 ಅಡಿ ಕಟೌಟು ಎದ್ದು ನಿಂತಿದೆ. ಕೊರಳಿಗೆ ಆಳೆತ್ತರದ ಹಾರ, ಮೇಲಿಂದ ಹಾಲಿನ ಅಭಿಷೇಕ, ಕೆಳಗೆ ಡೊಳ್ಳು, ಪಟಾಕಿ, ಶಿಳ್ಳೆ! ಗುಂಪಿನಲ್ಲಿ ನುಗ್ಗಿ, ಕತ್ತೆತ್ತಿ, ಕೈಯೆತ್ತಿ ನೀವೊಂದು ಫೋಟೋ ಹೊಡೆಯುತ್ತೀರಿ. ಮನೆಗೆ ಬಂದು ನೋಡಿದರೆ... ಇದೇನ್ರೀ ಇದು? ಹೀರೋನ ಬೂಟು ಕುಂಬಳಕಾಯಿಯಷ್ಟು, ತಲೆ ಲಿಂಬೆಹಣ್ಣಿನಷ್ಟು! ಯಾರೋ ಎದೆಗೆ ಕೈ ಹಾಕಿ ನೂಕಿದ ಹಾಗೆ ಅಣ್ಣ ಹಿಂದಕ್ಕೆ ವಾಲಿಬಿಟ್ಟಿದ್ದಾನೆ. ಹತ್ತು ಜನ ಖಳರು ಸೇರಿ ಮಾಡಲಾಗದ ಕೆಲಸವನ್ನು ನಿಮ್ಮ ಕ್ಯಾಮೆರಾ ಒಂದೇ ಕ್ಲಿಕ್ಕಿನಲ್ಲಿ ಮಾಡಿ ಮುಗಿಸಿದೆ!

ಕಟೌಟು ಕಟ್ಟಿದ ಬಡಗಿಯನ್ನು ಬೈಯಬೇಡಿ. ಮೊಬೈಲ್ ಕಂಪನಿಯನ್ನೂ ಬೈಯಬೇಡಿ. ಇದು ಬೆಳಕಿನ ಲೆಕ್ಕ. ಈ ಲೆಕ್ಕವನ್ನು ಸರಿಮಾಡಲೆಂದೇ ಒಂದು ವಿಚಿತ್ರ ಲೆನ್ಸು ಇದೆ. ಅದರ ಹೆಸರು ಟಿಲ್ಟ್-ಶಿಫ್ಟ್. ಟಿಲ್ಟ್ ಅಂದರೆ ಬಾಗುವುದು, ಶಿಫ್ಟ್ ಅಂದರೆ ಜಾರುವುದು. ಬಾಗುತ್ತದೆ, ಜಾರುತ್ತದೆ, ಆದರೆ ಮುರಿಯುವುದಿಲ್ಲ. ನಮ್ಮ ಡಾನ್ಸ್ ಮಾಸ್ಟರುಗಳಿಗೆ ಒಪ್ಪುವಂಥ ಲೆನ್ಸು ಅಂತೀರಾ? ಹಾಗೇ ಅನ್ನಿ!

ಪ್ರೊಜೆಕ್ಟರ್ ಕೋಣೆಯ ಗುಟ್ಟು

ಸಿನಿಮಾ ನೋಡುವವರಿಗೆ ಇದನ್ನು ತಿಳಿಸುವುದು ಸುಲಭ. ಬಾಲ್ಕನಿಯ ಹಿಂದಿನ ಪ್ರೊಜೆಕ್ಟರ್ ಕೋಣೆಯನ್ನು ನೆನೆಸಿಕೊಳ್ಳಿ. ಅದು ಎತ್ತರದಲ್ಲಿದೆ, ಪರದೆ ಕೆಳಗಿದೆ. ಪ್ರೊಜೆಕ್ಟರ್ ತಲೆ ತಗ್ಗಿಸಿ ಬೆಳಕು ಎಸೆಯುತ್ತದೆ. ಪರದೆಯ ಮೇಲ್ತುದಿಗಿಂತ ಬುಡಕ್ಕೆ ಬೆಳಕು ಹೆಚ್ಚು ದೂರ ಹೋಗಬೇಕು. ದೂರ ಹೋದಷ್ಟೂ ಚಿತ್ರ ಹರಡುತ್ತದೆ. ಹಾಗಾಗಿ ಪರದೆಯ ಮೇಲಿನ ಚಿತ್ರ ಮೇಲೆ ಕಿರಿದು, ಕೆಳಗೆ ಅಗಲ. ಹಳೆಯ ಆಪರೇಟರುಗಳು ಫಿಲ್ಮಿನ ಮುಂದಿರುವ ತಗಡಿನ ಕಿಂಡಿಯನ್ನು ಅರದಿಂದ ಉಜ್ಜಿ ಉಜ್ಜಿ ಓರೆ ಮಾಡಿ, ಪರದೆಯ ಅಂಚು ನೆಟ್ಟಗೆ ಕಾಣುವಂತೆ ಮಾಡುತ್ತಿದ್ದರು. ಪರದೆಯ ಸುತ್ತಲಿನ ಕಪ್ಪು ಬಟ್ಟೆ ಉಳಿದದ್ದನ್ನು ಮುಚ್ಚುತ್ತಿತ್ತು. ಇವತ್ತಿನ ಡಿಜಿಟಲ್ ಪ್ರೊಜೆಕ್ಟರುಗಳಲ್ಲಿ ಲೆನ್ಸನ್ನೇ ಮೇಲೆ ಕೆಳಗೆ ಜಾರಿಸುವ ಏರ್ಪಾಡಿದೆ. ಕೇಳಿದಿರಾ? ಲೆನ್ಸ್ ಜಾರಿಸುವುದು! ಅದೇ ಶಿಫ್ಟು!

ಕ್ಯಾಮೆರಾದಲ್ಲಿ ಇದೇ ಕಥೆ ಉಲ್ಟಾ. ಕಟೌಟಿನ ಬುಡ ನಿಮಗೆ ಹತ್ತಿರ, ತಲೆ ದೂರ. ದೂರದ್ದು ಸಣ್ಣದಾಗಿ ಕಾಣುವುದು ಲೋಕದ ನಿಯಮ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಕ್ಯಾಮೆರಾದ ಬೆನ್ನು, ಅಂದರೆ ಫಿಲ್ಮ್ ಅಥವಾ ಸೆನ್ಸರ್, ಗೋಡೆಗೆ ಸಮಾನಾಂತರವಾಗಿ ನೆಟ್ಟಗೆ ನಿಂತಿದ್ದರೆ ಗೋಡೆಯ ನೆಟ್ಟ ಗೆರೆಗಳು ಫೋಟೋದಲ್ಲೂ ನೆಟ್ಟಗೇ ಇರುತ್ತವೆ. ಕ್ಯಾಮೆರಾ ಕತ್ತೆತ್ತಿದ ಕ್ಷಣ ಗೆರೆಗಳು ಮೇಲೆ ಹೋಗುತ್ತಾ ಒಂದನ್ನೊಂದು ಸೇರಲು ಓಡುತ್ತವೆ. ಕಟ್ಟಡ ಹಿಂದಕ್ಕೆ ಬೀಳುತ್ತದೆ.

ಹಾಗಾದರೆ ಕತ್ತೆತ್ತಬಾರದು. ಆದರೆ ಕತ್ತೆತ್ತದಿದ್ದರೆ ಹೀರೋನ ತಲೆಯೇ ಚೌಕಟ್ಟಿನ ಹೊರಗೆ! ಇದೇ ಪೇಚು. ಶಿಫ್ಟ್ ಲೆನ್ಸು ಈ ಪೇಚನ್ನು ಬಿಡಿಸುತ್ತದೆ. ಸಾಮಾನ್ಯ ಲೆನ್ಸು ಸೆನ್ಸರಿಗೆ ಸಾಕಾಗುವಷ್ಟೇ ದೊಡ್ಡ ಬೆಳಕಿನ ವೃತ್ತ ಮೂಡಿಸುತ್ತದೆ. 24ಕ್ಕೆ 36 ಮಿಲಿಮೀಟರಿನ ಸೆನ್ಸರಿಗೆ 43 ಮಿಲಿಮೀಟರ್ ಅಡ್ಡಗಲದ ವೃತ್ತ ಸಾಕು. ಕ್ಯಾನನ್ನಿನ ಈಗಿನ 24 ಮಿಲಿಮೀಟರ್ ಟಿಲ್ಟ್-ಶಿಫ್ಟ್ ಲೆನ್ಸಿನ ವೃತ್ತ 67 ಮಿಲಿಮೀಟರ್ ದಾಟುತ್ತದೆ. ಸೆನ್ಸರಿನ ಸುತ್ತ ಕಾಣದ ಚಿತ್ರ ಇನ್ನೂ ಬೇಕಾದಷ್ಟಿದೆ. ಒಂದು ತಿರುಪು ತಿರುವಿ ಲೆನ್ಸನ್ನು 12 ಮಿಲಿಮೀಟರಿನ ತನಕ ಮೇಲೆ ಜಾರಿಸಿದರೆ, ಕ್ಯಾಮೆರಾ ನೆಟ್ಟಗೆ ನಿಂತಂತೆಯೇ ಕಟ್ಟಡದ ತುದಿ ಇಳಿದು ಬಂದು ಚೌಕಟ್ಟಿನಲ್ಲಿ ಕೂರುತ್ತದೆ.

ಅಜ್ಜನ ಕ್ಯಾಮೆರಾಕ್ಕೆ ಇದು ಗೊತ್ತಿತ್ತು!

ಇದೇನು ಹೊಸ ಸಂಶೋಧನೆ ಅಂದುಕೊಳ್ಳಬೇಡಿ. ಕಪ್ಪು ಬಟ್ಟೆ ಹೊದ್ದು ಫೋಟೋ ತೆಗೆಯುತ್ತಿದ್ದ ಮರದ ಕ್ಯಾಮೆರಾಗಳಲ್ಲಿ ಲೆನ್ಸಿನ ಹಲಗೆ ಮೇಲೇಳುತ್ತಿತ್ತು, ಬಾಗುತ್ತಿತ್ತು. ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆಯ ಚೀಲ. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಧಾರವಾಡ-ಮೈಸೂರು ವಾಸ್ತುಶಿಲ್ಪದ ದೊಡ್ಡ ಪುಸ್ತಕಕ್ಕೆ ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೌ, ನೀಲ್ ಎಂಬವರು ನಮ್ಮ ಸೀಮೆಯ ಗುಡಿಗಳನ್ನು ಸೆರೆಹಿಡಿದದ್ದು ಇಂಥ ಭಾರದ ಪೆಟ್ಟಿಗೆಗಳನ್ನು ಹೊತ್ತು ತಿರುಗಿಯೇ.

ಬಾಗುವ ವಿದ್ಯೆಗೆ ಸಿನಿಮಾದ ನಂಟೂ ಇದೆ. ಲೂಮಿಯೇರ್ ಸಹೋದರರ ಸಿನಿಮಾ ಯಂತ್ರಗಳನ್ನು ತಯಾರಿಸಿಕೊಟ್ಟ ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಕಾರ್ಪಾಂತಿಯೇ, 1901ರಲ್ಲಿ ಬಾಗಿದ ಚಿತ್ರವನ್ನು ನೆಟ್ಟಗೆ ಮಾಡುವ ಯಂತ್ರಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲೂಗ್ ಅದನ್ನು ಮುಂದುವರಿಸಿ 1904ರಲ್ಲಿ ತನ್ನ ಪೇಟೆಂಟ್ ಪಡೆದ. ಬಲೂನಿನಿಂದ ತೆಗೆದ ಓರೆ ಫೋಟೋಗಳಿಂದ ಸರಿಯಾದ ನಕಾಶೆ ಮಾಡುವುದು ಅವನ ಗುರಿ. ಇವತ್ತಿಗೂ ಟಿಲ್ಟಿನ ನಿಯಮಕ್ಕೆ ಅವನದೇ ಹೆಸರು. ಹೇಳಲು ನಾಲಿಗೆ ತಿರುಗದಿದ್ದರೂ ಚಿಂತೆಯಿಲ್ಲ, ಲೆನ್ಸು ತಿರುಗಿದರೆ ಸಾಕು!

ಆಮೇಲೆ ಸಣ್ಣ 35 ಮಿಲಿಮೀಟರ್ ಕ್ಯಾಮೆರಾಗಳು ಬಂದವು. ಕಿಸೆಗೆ ಹಗುರಾದವು, ಆದರೆ ಬಾಗುವುದನ್ನು ಮರೆತವು. 1962ರಲ್ಲಿ ನಿಕಾನ್ ಜಾರುವ ಲೆನ್ಸನ್ನು ಮಾರುಕಟ್ಟೆಗೆ ತಂದಿತು. 1973ರಲ್ಲಿ ಕ್ಯಾನನ್ ಜಾರುವುದರ ಜೊತೆಗೆ ಬಾಗುವ ಲೆನ್ಸನ್ನೂ ಕೊಟ್ಟಿತು. 1991ರಲ್ಲಿ ಕ್ಯಾನನ್ 24, 45, 90 ಮಿಲಿಮೀಟರಿನ ಮೂರು ಲೆನ್ಸುಗಳನ್ನು ಒಟ್ಟಿಗೆ ಇಳಿಸಿತು. 2009ರಲ್ಲಿ 17 ಮಿಲಿಮೀಟರಿನದೂ ಬಂತು.

ಬೈಲಹೊಂಗಲದಲ್ಲಿ ಒಂದು ದಿನದ ಬಾಡಿಗೆ

ಬೈಲಹೊಂಗಲದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಅಪ್ಪನ ಕಾಲದ ಸ್ಟುಡಿಯೋ. ಮದುವೆ ಸುಗ್ಗಿಯಲ್ಲಿ ಕೈತುಂಬ ಕೆಲಸ, ಆಷಾಢ ಬಂತೆಂದರೆ ನೊಣ ಹೊಡೆಯುವ ಕೆಲಸ. ಅವನಿಗೊಂದು ಬೇರೆ ರೀತಿಯ ಕರೆ ಬಂತು. ನಮ್ಮ ಸೀಮೆಯ ಹಳೆಯ ಟಾಕೀಸೊಂದನ್ನು ಕೆಡವುವುದಿತ್ತು. ಮಾಲೀಕರ ಮನೆಯವರು ಅಂದರು: "ಕೆಡವೂಕಿಂತ ಮೊದ್ಲ ಒಂದು ಛಲೋ ಫೋಟೋ ಬೇಕಪಾ. ಅಪ್ಪಾರು ಕಟ್ಟಿಸಿದ್ದು. ಗೋಡಿಗಿ ಹಾಕ್ತೇವಿ."

ಗೆಳೆಯ ಹೋಗಿ ನೋಡಿದ. ಮುಂಭಾಗದ ಗೋಪುರ 40 ಅಡಿ. ಎದುರಿಗೆ ರಸ್ತೆ, ಆಚೆ ಬದಿಯ ಅಂಗಡಿ ಸಾಲಿನ ತನಕ ಹಿಂದೆ ಸರಿದರೂ ಸಿಗುವುದು 45 ಅಡಿ. ಇಂಥಲ್ಲಿ ಸಾಮಾನ್ಯ ಲೆನ್ಸು ಕತ್ತೆತ್ತಲೇಬೇಕು, ಟಾಕೀಸು ವಾಲಲೇಬೇಕು. ಕೆಡವುವ ಮೊದಲೇ ಬಿದ್ದಂತೆ ಕಾಣುವ ಫೋಟೋವನ್ನು ಯಾರು ಗೋಡೆಗೆ ಹಾಕುತ್ತಾರೆ? ಕೊಳ್ಳಲು ಹೋದರೆ ಲೆನ್ಸಿನ ಬೆಲೆ ಲಕ್ಷ ದಾಟುತ್ತದೆ. ಕೊನೆಗೆ ಒಂದು ದಿನದ ಬಾಡಿಗೆಗೆ 24 ಮಿಲಿಮೀಟರಿನ ಲೆನ್ಸು ಬಂತು. ನನಗೂ ಕರೆ ಬಂತು. ಬಿಡುತ್ತೇನೆಯೇ?

ಟ್ರೈಪಾಡ್ ನಿಲ್ಲಿಸಿದ ಕೂಡಲೇ ಜನ ಸೇರಿದರು. ಲೆನ್ಸು ಮೇಲಕ್ಕೆ ಜಾರಿದ್ದನ್ನು ಕಂಡ ಚಹದ ಅಂಗಡಿಯ ಕಾಕಾ ಗಾಬರಿ!

"ಏನಪಾ ಇದು, ಲೆನ್ಸಿನ ಕುತ್ತಿಗಿ ಮುರದೈತಿ ಏನ?"

"ಮುರದಿಲ್ಲ ಕಾಕಾ, ಹಂಗ ಮಾಡ್ಯಾರ!"

ಇನ್ನು ಲೆಕ್ಕ ನೋಡ್ರಿ. ಲೆನ್ಸು ನೆಲದಿಂದ 5 ಅಡಿ ಮೇಲಿದೆ. ಗೋಪುರ ಅದಕ್ಕಿಂತ 35 ಅಡಿ ಎತ್ತರ. ಕ್ಯಾಮೆರಾ ಅಡ್ಡ ಇಟ್ಟು, ನೆಟ್ಟಗೆ ನಿಲ್ಲಿಸಿ, ಶಿಫ್ಟ್ ಇಲ್ಲದೆ 24 ಮಿಲಿಮೀಟರಿನಲ್ಲಿ ತುದಿ ಕಾಣಬೇಕಾದರೆ 70 ಅಡಿ ಹಿಂದೆ ಹೋಗಬೇಕು. ಹೋದರೂ ಫೋಟೋದ ಕೆಳಗಿನ ಅರ್ಧ ಬರೀ ರಸ್ತೆ, ಸೈಕಲ್ಲು, ದನ! ಅದೇ ಲೆನ್ಸನ್ನು 9 ಮಿಲಿಮೀಟರ್ ಮೇಲಕ್ಕೆ ಜಾರಿಸಿದರೆ 40 ಅಡಿ ದೂರದಿಂದಲೇ ಬುಡವೂ ತುದಿಯೂ ಚೌಕಟ್ಟಿನ ಅಂಚಿಗೆ ಸರಿಯಾಗಿ ತಾಕುತ್ತವೆ. 45 ಅಡಿ ಸಿಕ್ಕರೆ ಮೇಲೆ ಸ್ವಲ್ಪ ಆಕಾಶಕ್ಕೂ ಜಾಗ. ನಮಗೆ ಸಿಕ್ಕಿದ್ದು ಅಷ್ಟೇ, ಬೇಕಾದದ್ದೂ ಅಷ್ಟೇ.

ಕಲಿಯುವವರಿಗೆ ಕ್ರಮ ಹೀಗೆ. ಮೊದಲು ಟ್ರೈಪಾಡ್. ಅದರ ಮೇಲೆ ಕ್ಯಾಮೆರಾ, ಗಾರೆಯವರ ರಸಮಟ್ಟದ ಗುಳ್ಳೆ ನಡುವೆ ನಿಲ್ಲುವ ಹಾಗೆ ಸಮವಾಗಿ. ಲೆನ್ಸು ಜಾರಿಸುವ ಮೊದಲೇ ಬೆಳಕು ಅಳೆದು ಕೈಯಿಂದ ಹೊಂದಿಸಿ. ಜಾರಿಸಿದ ಮೇಲೆ ಕ್ಯಾಮೆರಾದ ಮೀಟರು ಸುಳ್ಳು ಹೇಳಬಹುದು. ಆಮೇಲೆ ಜಾರಿಸಿ. ಕೊನೆಗೆ ಫೋಕಸ್. ಈ ಲೆನ್ಸುಗಳಲ್ಲಿ ಆಟೋಫೋಕಸ್ ಇಲ್ಲ, ಕೈಯೇ ಗತಿ. ಹಿಂದಿನ ಪರದೆಯಲ್ಲಿ ಚಿತ್ರವನ್ನು 10 ಪಟ್ಟು ಹಿಗ್ಗಿಸಿ ನೋಡಿದರೆ ಗೋಪುರದ ಮೇಲಿನ ಅಕ್ಷರ ಚೂಪಾಯಿತೋ ಇಲ್ಲವೋ ಗೊತ್ತಾಗುತ್ತದೆ. ಡಯಾಫ್ರಂ ಎಫ್ 8 ಅಥವಾ ಎಫ್ 11ರಲ್ಲಿಟ್ಟರೆ ಅಂಚೂ ಚೆನ್ನಾಗಿ ಬರುತ್ತದೆ.

ಅತಿ ಮಾಡಿದರೆ ಗತಿಗೇಡು, ಅದನ್ನೂ ಹೇಳಿಬಿಡುತ್ತೇನೆ. ತೀರಾ ಹತ್ತಿರ ನಿಂತು ಪೂರ್ತಿ 12 ಮಿಲಿಮೀಟರ್ ಜಾರಿಸಿದರೆ ಕಟ್ಟಡದ ತಲೆ ಎಳೆದಂತೆ, ಬುಡಕ್ಕಿಂತ ತುದಿಯೇ ಭಾರವಾದಂತೆ ಕಾಣುತ್ತದೆ. ಜಾಗವಿದ್ದರೆ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ.

ಪಕ್ಕಕ್ಕೆ ಜಾರಿಸುವುದರಲ್ಲೂ ಒಂದು ಮೋಜಿದೆ. ಕನ್ನಡಿಯ ಎದುರು ನಾಯಕಿ ಕೂತಿದ್ದಾಳೆ, ನೇರಕ್ಕೆ ತೆಗೆದರೆ ಕನ್ನಡಿಯಲ್ಲಿ ನಿಮ್ಮ ಗಡ್ಡವೂ ಕ್ಯಾಮೆರಾವೂ ಬರುತ್ತವೆ! ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ, ಕನ್ನಡಿಗೆ ಸಮಾನಾಂತರವಾಗಿಯೇ ಇಟ್ಟು, ಲೆನ್ಸನ್ನು ಅವಳ ಕಡೆಗೆ ಜಾರಿಸಿ. ನೇರಕ್ಕೆ ನಿಂತು ತೆಗೆದಂತೆಯೇ ಕಾಣುತ್ತದೆ, ನೀವು ಮಾತ್ರ ಮಾಯ!

ಗೌಡರ ಚಪ್ಪಲಿ ಫೋಕಸ್ಸು, ಮೀಸೆ ಮಾಯ!

ಶಿಫ್ಟು ಒಂದು ಗಂಟೆಯ ಪಾಠ. ಟಿಲ್ಟು ಹಾಗಲ್ಲ, ಅದು ಜಟ್ಟಿಯ ಪಟ್ಟು. ಸಾಮಾನ್ಯ ಲೆನ್ಸಿನಲ್ಲಿ ಫೋಕಸ್ ಎಂಬುದು ನಿಮ್ಮೆದುರು ನೆಟ್ಟಗೆ ನಿಂತ ಕಾಣದ ಗಾಜಿನ ಹಾಳೆ. ಆ ಹಾಳೆ ತಾಕಿದ್ದೆಲ್ಲ ಚೂಪು. ಲೆನ್ಸನ್ನು ಬಾಗಿಸಿದರೆ ಹಾಳೆಯೂ ಬಾಗಿ ಮಲಗುತ್ತದೆ. ಸೆನ್ಸರಿನ ಸಮತಲ, ಲೆನ್ಸಿನ ಸಮತಲ, ಫೋಕಸ್ಸಿನ ಸಮತಲ ಮೂರೂ ಒಂದೇ ಗೆರೆಯಲ್ಲಿ ಸೇರುತ್ತವೆ ಎಂಬುದೇ ಆ ಆಸ್ಟ್ರಿಯಾದವನ ಸೂತ್ರ.

ನಮ್ಮ ಕಡೆಯ ಎರೆಹೊಲ ತಗೊಳ್ಳಿ. ಉತ್ತ ಸಾಲು ಕಾಲಬುಡದಿಂದ ಬಾನಂಚಿನ ತನಕ ಹೋಗಿದೆ. ಎಲ್ಲವೂ ಚೂಪಾಗಿ ಬೇಕು. ಹಾಳೆಯನ್ನು ನೆಲದ ಮೇಲೆ ಮಲಗಿಸಿದರಾಯ್ತು! ಎಷ್ಟು ಬಾಗಿಸಬೇಕು? ಹೊಸಬರೆಲ್ಲ ಎಂಟು ಡಿಗ್ರಿಗೆ ತಿರುವಿಬಿಡುತ್ತಾರೆ. ಲೆನ್ಸು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 24 ಮಿಲಿಮೀಟರಿನದಕ್ಕೆ ಬೇಕಾದ ಬಾಗು ಸುಮಾರು 1 ಡಿಗ್ರಿ, ಅಷ್ಟೇ! 45 ಮಿಲಿಮೀಟರಿಗೆ ಪೌಣೆರಡು ಡಿಗ್ರಿಯಷ್ಟು, 90ಕ್ಕೆ ಸುಮಾರು ಮೂರೂವರೆ. 24 ಮಿಲಿಮೀಟರನ್ನು ಪೂರ್ತಿ ಎಂಟೂವರೆ ಡಿಗ್ರಿ ಬಾಗಿಸಿದರೆ ಲೆನ್ಸಿನ ಕೆಳಗೆ ಒಂದು ಗೇಣು ದೂರದ ನೆಲಕ್ಕೆ ಹೊಂದುತ್ತದೆ. ಇರುವೆಯ ಸಿನಿಮಾ ತೆಗೆಯಲು ಅದು ಸರಿ!

ಮಾಡುವ ಕ್ರಮ: ಮೊದಲು ದೂರದ ಮರಕ್ಕೆ ಫೋಕಸ್ ಮಾಡಿ. ಆಮೇಲೆ ಕಾಲಬುಡದ ಹೆಂಟೆ ಚೂಪಾಗುವ ತನಕ ನಿಧಾನ ಬಾಗಿಸಿ. ಅಷ್ಟರಲ್ಲಿ ದೂರದ್ದು ಸ್ವಲ್ಪ ಕೆಡುತ್ತದೆ. ಮತ್ತೆ ದೂರಕ್ಕೆ ಫೋಕಸ್, ಮತ್ತೆ ಹತ್ತಿರಕ್ಕೆ ಬಾಗು. ಮೂರು ನಾಲ್ಕು ಸುತ್ತಿನಲ್ಲಿ ಎರಡೂ ಕೈಗೆ ಬರುತ್ತವೆ. ಫೋಕಸ್ ಉಂಗುರ ತಿರುವಿದಾಗ ಆ ಹಾಳೆ ಬಾಗಿಲಿನಂತೆ ಒಂದು ಕೀಲಿನ ಸುತ್ತ ತಿರುಗುತ್ತದೆ ಎಂಬುದು ಮನಸ್ಸಿನಲ್ಲಿರಲಿ. ಇದು ತಲೆಗೆ ಹೋದ ದಿನ ಟಿಲ್ಟು ನಿಮ್ಮದು.

ಆದರೆ ಹೊಲದ ನಡುವೆ ಗೌಡರನ್ನು ನಿಲ್ಲಿಸುವಾಗ ಜೋಕೆ! ಹಾಳೆ ನೆಲದ ಮೇಲೆ ಮಲಗಿದೆಯಲ್ಲ, ಹತ್ತಿರ ನಿಂತವರ ಕಾಲು ಅದಕ್ಕೆ ತಾಕುತ್ತದೆ, ಮುಖ ತಾಕುವುದಿಲ್ಲ. ಚಪ್ಪಲಿಯ ಮೊಳೆ ಎಣಿಸಬಹುದು, ಮೀಸೆ ಮಾತ್ರ ಮಂಜು! ದುಡ್ಡು ಕೊಡುವವರು ಮೀಸೆಗೆ ಕೊಡುತ್ತಾರೆ, ಚಪ್ಪಲಿಗಲ್ಲ. ಗೌಡರನ್ನು ದೂರ ನಿಲ್ಲಿಸಿ. ದೂರ ಹೋದಷ್ಟೂ ಚೂಪಾದ ಭಾಗ ಬೆಣೆಯಂತೆ ಎತ್ತರಕ್ಕೆ ಅಗಲವಾಗುತ್ತದೆ.

ಗುಡ್ಡದ ಮೇಲಿಂದ ಆಟಿಕೆಯ ಊರು

ಟಿಲ್ಟನ್ನು ಉಲ್ಟಾ ದಿಕ್ಕಿಗೆ ಬಾಗಿಸಿದರೆ ಇನ್ನೊಂದು ಚಮತ್ಕಾರ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯ ಜಾತ್ರೆ. ಎತ್ತರದ ಜಾಗದಿಂದ ಕೆಳಗಿನ ಬಂಡಿ, ಬಸ್ಸು, ಭಂಡಾರದ ಹಳದಿ, ಜನಸಾಗರ. ಲೆನ್ಸನ್ನು ಮೇಲ್ಮುಖವಾಗಿ ಬಾಗಿಸಿದರೆ ಚಿತ್ರದ ನಡುವೆ ಒಂದು ಪಟ್ಟಿಯಷ್ಟೇ ಚೂಪು, ಮೇಲೂ ಕೆಳಗೂ ಮಂಜು. ಆಗ ಎಲ್ಲವೂ ಮಕ್ಕಳ ಆಟಿಕೆಯಂತೆ ಕಾಣುತ್ತವೆ! ಕಾರಣ ಸರಳ. ಅಷ್ಟು ಕಿರಿದಾದ ಫೋಕಸ್ಸನ್ನು ನಮ್ಮ ಕಣ್ಣು ನೋಡಿರುವುದು ತೀರಾ ಹತ್ತಿರದಿಂದ ತೆಗೆದ ಸಣ್ಣ ವಸ್ತುಗಳ ಚಿತ್ರದಲ್ಲಿ ಮಾತ್ರ. ಹಾಗಾಗಿ ಬುದ್ಧಿ ಮೋಸಹೋಗುತ್ತದೆ.

ಸಿನಿಮಾದ ಮಿನಿಯೇಚರ್ ಕೆಲಸ ಬಲ್ಲವರಿಗೆ ಇಲ್ಲಿ ನಗು ಬರುತ್ತದೆ. ಆಟಿಕೆ ಹಡಗು ಮುಳುಗುವುದನ್ನು, ಆಟಿಕೆ ರೈಲು ಉರುಳುವುದನ್ನು ನಿಜವೆಂದು ನಂಬಿಸಲು ಕ್ಯಾಮೆರಾಮನ್ ಡಯಾಫ್ರಂ ಚಿಕ್ಕದು ಮಾಡಿ ಎಲ್ಲವನ್ನೂ ಚೂಪು ಮಾಡುತ್ತಿದ್ದ, ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಲನೆಯನ್ನು ನಿಧಾನಿಸುತ್ತಿದ್ದ. ಚಿಕ್ಕದನ್ನು ದೊಡ್ಡದು ಮಾಡಲು ಆ ಪಾಡು! ಟಿಲ್ಟು ದೊಡ್ಡದನ್ನು ಚಿಕ್ಕದು ಮಾಡುತ್ತದೆ. 2010ರ ಹಾಲಿವುಡ್ ಚಿತ್ರ 'ದಿ ಸೋಷಿಯಲ್ ನೆಟ್‌ವರ್ಕ್'ನಲ್ಲಿ ದೋಣಿ ಪಂದ್ಯದ ದೃಶ್ಯಕ್ಕೆ ನಿರ್ದೇಶಕ ಡೇವಿಡ್ ಫಿಂಚರ್ ಇಂಥದೇ ನೋಟ ಕೊಟ್ಟರು. 2007ರ ಫ್ರೆಂಚ್ ಚಿತ್ರ 'ದಿ ಡೈವಿಂಗ್ ಬೆಲ್ ಅಂಡ್ ದಿ ಬಟರ್‌ಫ್ಲೈ'ನಲ್ಲಿ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಬಾಗುವ ಲೆನ್ಸು ಬಳಸಿ, ಪಾರ್ಶ್ವವಾಯು ಬಡಿದವನ ಅರೆಬರೆ ದೃಷ್ಟಿಯನ್ನೇ ತೋರಿಸಿಬಿಟ್ಟರು. ಅಲ್ಲಿ ಆ ಮಂಜು ನೋಡಿದರೆ ನಗು ಬರುವುದಿಲ್ಲ, ಗಂಟಲು ಕಟ್ಟುತ್ತದೆ.

ಎಲ್ಲವೂ ನೆಟ್ಟಗಿರಬೇಕೇ?

ಬೇಡ! ನಾಯಕನ ಎಂಟ್ರಿಯಲ್ಲಿ ಕ್ಯಾಮೆರಾ ನೆಲಕ್ಕೆ ಕೂತು ಕತ್ತೆತ್ತಿ ನೋಡುತ್ತದೆ. ಕಾಲು ಕಂಬದಂತೆ, ಎದೆ ಬಂಡೆಯಂತೆ, ತಲೆ ಮುಗಿಲಿನಲ್ಲಿ. ಅಲ್ಲಿ ಗೆರೆ ನೆಟ್ಟಗೆ ಮಾಡಿದರೆ ಶಿಳ್ಳೆ ಬೀಳುತ್ತದೆಯೇ? ಕಿತ್ತೂರಿನಲ್ಲಿ ಕುದುರೆ ಏರಿ ಕತ್ತಿ ಹಿಡಿದ ರಾಣಿ ಚೆನ್ನಮ್ಮನ ಪ್ರತಿಮೆಯನ್ನು ಕೆಳಗಿನಿಂದ ನೋಡಿದಾಗಲೂ ಅಷ್ಟೇ, ಕತ್ತಿ ಆಕಾಶಕ್ಕೆ ಓಡಲಿ ಬಿಡಿ. ಅದೇ ಕಿತ್ತೂರಿನ ಅರಮನೆಯ ಅಳಿದುಳಿದ ಗೋಡೆಗಳಿಗೆ ಬನ್ನಿ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಊರು. ಅಲ್ಲಿ ಕ್ಯಾಮೆರಾ ನೆಟ್ಟಗೆ ನಿಲ್ಲಬೇಕು. ಗೋಡೆ ಎಷ್ಟು ಉಳಿದಿದೆ, ಎಲ್ಲಿ ಬಿರಿದಿದೆ, ಯಾವುದು ನಿಜವಾಗಿ ವಾಲಿದೆ ಎಂದು ಮುಂದೆ ನೋಡುವವರಿಗೆ ತಿಳಿಯಬೇಕು. ಕ್ಯಾಮೆರಾವೇ ವಾಲಿಸಿದರೆ ಸಾಕ್ಷಿ ಕೆಟ್ಟಂತೆ. ಹತ್ತಿರದ ದೇಗಾವಿಯ 12ನೇ ಶತಮಾನದ ಕಮಲನಾರಾಯಣ ಗುಡಿಯ ಕಂಬಗಳಿಗೂ, ಬೈಲಹೊಂಗಲದಲ್ಲಿ 1829ರಲ್ಲಿ ಸೆರೆಯಲ್ಲೇ ಕಣ್ಣುಮುಚ್ಚಿದ ರಾಣಿಯ ಸಮಾಧಿಗೂ ಇದೇ ಮಾತು.

ಕತ್ತೆತ್ತಿ ನೋಡಿದರೆ ಅಭಿಮಾನ, ನೆಟ್ಟಗೆ ನೋಡಿದರೆ ದಾಖಲೆ. ಎರಡೂ ಬೇಕು. ಯಾವುದು ಎಲ್ಲಿ ಎಂದು ತಿಳಿದವನೇ ಕ್ಯಾಮೆರಾಮನ್.

ಕಾಸಿಲ್ಲದವರ ಶಿಫ್ಟು

ಈಗ ಉಪಾಯ. ಶಿಫ್ಟ್ ಲೆನ್ಸು ಮಾಡುವುದೇನು? ದೊಡ್ಡ ಚಿತ್ರದಲ್ಲಿ ಮೇಲಿನ ತುಂಡನ್ನು ಆರಿಸಿಕೊಳ್ಳುವುದು. ಅದನ್ನು ನೀವು ಕತ್ತರಿಯಿಂದಲೂ ಮಾಡಬಹುದು! ನಿಮ್ಮ ಮೊಬೈಲಿನಲ್ಲಿ ಅರ್ಧ ಪಟ್ಟಿನ ಅಗಲ ಲೆನ್ಸು ಇದ್ದರೆ ಅದನ್ನು ಆರಿಸಿ. ಪರದೆಯ ಮೇಲೆ ಗೆರೆಗಳ ಜಾಲರಿ ಬರುವ ಹಾಗೆ ಮಾಡಿ. ಮೊಬೈಲನ್ನು ಉದ್ದಕ್ಕೆ, ಗೋಡೆಗೆ ಅಂಟಿಸಿದ ಕ್ಯಾಲೆಂಡರಿನಂತೆ ನೆಟ್ಟಗೆ ಹಿಡಿಯಿರಿ. ಕತ್ತೆತ್ತಬೇಡಿ! 40 ಅಡಿ ಕಟೌಟಿಗೆ 30 ಅಡಿ ದೂರ ನಿಂತರೆ ತುದಿ ಬರುತ್ತದೆ. ಕೆಳಗೆ ಬೇಡದ ರಸ್ತೆ ಬಹಳ ಬಂದಿರುತ್ತದೆ, ಅದನ್ನು ಕತ್ತರಿಸಿ ಎಸೆಯಿರಿ. ಉಳಿದದ್ದು ಶಿಫ್ಟ್ ಮಾಡಿದ ಚಿತ್ರ! ಚೂಪು ಸ್ವಲ್ಪ ಕಡಿಮೆ, ಖರ್ಚು ಸೊನ್ನೆ.

ಇನ್ನೊಂದು ದಾರಿ ಎದುರಿನ ಕಟ್ಟಡದ ಮಾಳಿಗೆ ಹತ್ತುವುದು. ಕಟೌಟಿನ ನಡುವಿನ ಎತ್ತರಕ್ಕೆ ನೀವು ಬಂದರೆ ಕತ್ತೆತ್ತುವ ಪ್ರಶ್ನೆಯೇ ಇಲ್ಲ. ಮೂರನೆಯದು ಕಂಪ್ಯೂಟರಿನಲ್ಲಿ ಆಮೇಲೆ ಎಳೆದು ನೆಟ್ಟಗೆ ಮಾಡುವುದು. ಆದೀತು, ಆದರೆ ಮೇಲ್ಭಾಗ ಎಳೆದು ತೆಳುವಾಗುತ್ತದೆ, ಅಂಚು ಕತ್ತರಿಸಿ ಹೋಗುತ್ತದೆ. ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಬೇಕು.

ಸಲಕರಣೆ ಇಲ್ಲವೆಂದು ಕೈಕಟ್ಟಿ ಕೂರುವವರಿಗೆ ಮೈಸೂರಿನ ವಿ.ಕೆ. ಮೂರ್ತಿಯವರ ಹೆಸರು ಸಾಕು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋದವರು. 1959ರ 'ಕಾಗಜ್ ಕೆ ಫೂಲ್', ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಹಾಡಿನಲ್ಲಿ ಬೀಳುವ ಆ ಬೆಳಕಿನ ಕೋಲು ಯಾವ ಲೈಟಿನದೂ ಅಲ್ಲ, ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಗೆ ಹಾಯಿಸಿದ್ದು! 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕನೊಬ್ಬನಿಗೆ ಅದು ಬಂದದ್ದು ಅದೇ ಮೊದಲು. ಕನ್ನಡಿ ಎಲ್ಲರ ಮನೆಯಲ್ಲೂ ಇರುತ್ತದೆ. ನೋಡುವ ಕಣ್ಣು ಬೇಕು.

ಒಂದು ಕೆಲಸ ಬಾಕಿ ಇದೆ

ಬೆಂಗಳೂರಿನ ಕಪಾಲಿ 2017ರಲ್ಲಿ ಹೋಯಿತು. 2024ರಲ್ಲಿ ಕಾವೇರಿಯೂ ಹೋಯಿತು. ಅವು ದೊಡ್ಡ ಊರಿನ ದೊಡ್ಡ ಹೆಸರು, ಪೇಪರಿನಲ್ಲಿ ಚಿತ್ರ ಬಂತು, ಜನ ಕಣ್ಣೀರಿಟ್ಟರು. ತಾಲ್ಲೂಕು ಊರಿನ ಟಾಕೀಸು ಹೋದರೆ ಯಾರು ಬರೆಯುತ್ತಾರೆ? ನಾವು ಬೆಂಚಿಗೆ ಜಗಳಾಡಿದ, ಚಿಲ್ಲರೆ ಎಸೆದ, ಮೊದಲ ಸಲ ಅತ್ತ ಜಾಗ ಅದು. ಇವತ್ತು ಗೋದಾಮು, ನಾಳೆ ಮದುವೆ ಮಂಟಪ, ನಾಡಿದ್ದು ಖಾಲಿ ನಿವೇಶನ.

ನನ್ನ ಗೆಳೆಯ ತೆಗೆದ ಫೋಟೋ ಈಗ ಆ ಮನೆಯ ಗೋಡೆಯ ಮೇಲಿದೆ. ಗೋಪುರ ನೆಟ್ಟಗಿದೆ. ಅಕ್ಷರ ಓದಲು ಬರುತ್ತದೆ. ಟಿಕೆಟಿನ ಕಿಂಡಿಯ ಮೇಲೆ ಬರೆದ ದರವೂ ಕಾಣುತ್ತದೆ. ಮನೆಯ ಹಿರಿಯರು ಬಹಳ ಹೊತ್ತು ನೋಡಿ ಒಂದೇ ಮಾತು ಅಂದರಂತೆ: "ಹಿಂಗ ಇತ್ತು ನೋಡ್ರಿ."

ಫೋಟೋಗ್ರಾಫರನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕೇ?

ನಿಮ್ಮೂರಿನ ಟಾಕೀಸು ಇನ್ನೂ ನಿಂತಿದೆಯೇ? ಹಾಗಾದರೆ ಬೆಳಗಿನ ಬಿಸಿಲು ಮುಂಭಾಗಕ್ಕೆ ಬೀಳುವ ಹೊತ್ತು ನೋಡಿಕೊಳ್ಳಿ. ಎದುರಿಗೆ ನಿಲ್ಲಿಸಿದ ಗಾಡಿ ಒಂದು ನಿಮಿಷ ಸರಿಸಲು ಹೇಳಿ. ಕ್ಯಾಮೆರಾ ಇರಲಿ, ಮೊಬೈಲ್ ಇರಲಿ, ನೆಟ್ಟಗೆ ಹಿಡಿಯಿರಿ. ತೆಗೆದ ಚಿತ್ರದ ಹಿಂದೆ ಊರು, ಟಾಕೀಸಿನ ಹೆಸರು, ತಾರೀಖು ಬರೆದಿಡಿ.